ಬೆಟ್ಟವನ್ನೇ ಅಂಗಳಕ್ಕೆ ತಂದವರು

ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ನಗರದ ಸಸ್ಯೋದ್ಯಾನದೊಳಗೆ ಉದ್ದನೆಯ ಒಂದು ದಿಬ್ಬವಿದೆ. ಅದು ತಾನಾಗಿ ಎದ್ದ ದಿಬ್ಬವಲ್ಲ, ಮನುಷ್ಯ ಕಟ್ಟಿದ್ದು. 1593ರಲ್ಲಿ ದೊರೆ ನಾಲ್ಕನೆಯ ಆನ್ರಿ ಈ ತೋಟಕ್ಕೆ ಅಪ್ಪಣೆ ಕೊಟ್ಟಾಗ ಅದನ್ನು ಎಬ್ಬಿಸುವ ಹೊಣೆ ಪಿಯೆರ್ ರಿಶೇ ದ ಬೆಲ್‌ವಾಲ್ ಎಂಬ ವೈದ್ಯನ ಹೆಗಲೇರಿತು. ವೈದ್ಯವಿದ್ಯಾರ್ಥಿಗಳು ಮದ್ದಿನ ಗಿಡಗಳನ್ನು ಕಣ್ಣಾರೆ ಕಂಡು ಕಲಿಯಲೆಂದು ಕಟ್ಟಿದ ತೋಟ. ಅವನು ಪಾತಿ ಮಾಡಿ ಸಾಲಾಗಿ ನೆಟ್ಟು ಕೈತೊಳೆದುಕೊಳ್ಳಲಿಲ್ಲ. ಮಣ್ಣು ಕಲ್ಲು ಪೇರಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಗುಡ್ಡವನ್ನೇ ಕಟ್ಟಿಸಿದ. ದಕ್ಷಿಣದ ಮಗ್ಗುಲು ಬಿಸಿಲು ಬೇಡುವ ಗಿಡಗಳಿಗೆ, ಉತ್ತರದ ಮಗ್ಗುಲು ತಂಪು ಬೇಡುವವಕ್ಕೆ. 1622ರಲ್ಲಿ ಹದಿಮೂರನೆಯ ಲೂಯಿಯ ಸೇನೆ ನಗರಕ್ಕೆ ಮುತ್ತಿಗೆ ಹಾಕಿದಾಗ ತೋಟ ಹಾಳಾಯಿತು. ಮುಪ್ಪಿನ ಹೊಸ್ತಿಲಲ್ಲಿದ್ದ ಬೆಲ್‌ವಾಲ್ ಅದನ್ನು ಮತ್ತೆ ಮೊದಲಿನಿಂದ ಕಟ್ಟತೊಡಗಿದ. 1632ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವನ ಕೆಲಸವಾಗಿತ್ತು.

ಆ ದಿಬ್ಬದ ಮೇಲೆ ನಡೆಯುವಾಗ ನನಗೆ ಮಾತು ಹೊರಡಲಿಲ್ಲ. ಗಿಡವನ್ನು ಮನೆಗೆ ತರಬೇಕಾದರೆ ಅದರ ಬೆಟ್ಟವನ್ನೂ ಜೊತೆಗೆ ತರಬೇಕು ಎಂದು ನಾಲ್ಕು ನೂರು ವರ್ಷಗಳ ಹಿಂದೆಯೇ ಒಬ್ಬ ಮನುಷ್ಯ ಕಂಡುಕೊಂಡಿದ್ದನಲ್ಲ! ನಾನು ಅಷ್ಟು ದೂರ ಹೋಗಿದ್ದದ್ದು ಒಂದು ಪುಟ್ಟ ಗಿಡದ ಬೆನ್ನುಹತ್ತಿ. ಬೆಂಗಳೂರಿನ ಅಂಗಡಿಗಳಲ್ಲಿ ಚಿಕ್ಕ ಶೀಶೆಯೊಳಗೆ ಒಣಗಿ ಕೂತಿರುವ, ಪಿಜ್ಜಾದ ಮೇಲೆ ಉದುರಿಸುವ ಥೈಮ್. ನರ್ಸರಿಗಳಲ್ಲಿ ಈಗ ಅದರ ಸಸಿಯೂ ಸಿಗುತ್ತದೆ. ಮನೆಗೆ ತಂದವರು ಬಹುಮಂದಿ ಎರಡು ಮಳೆ ಕಳೆಯುವುದರೊಳಗೆ ಅದನ್ನು ಕಳೆದುಕೊಂಡಿರುತ್ತಾರೆ. ಯಾರೂ ನೆಡದೆ, ಯಾರೂ ನೀರೆರೆಯದೆ ಅದು ತಾನಾಗಿ ಬೆಳೆಯುವ ನೆಲವನ್ನು ಒಮ್ಮೆ ಕಾಣಬೇಕು ಎಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ಸ್ಪೇನಿನಿಂದ ದಕ್ಷಿಣ ಇಟಲಿಯವರೆಗೆ ಹಬ್ಬಿರುವ ಮೆಡಿಟರೇನಿಯನ್ ತೀರದ ಗುಡ್ಡಗಳು ಅದರ ತವರು. ಮೊಂಪೆಲಿಯೆಯಿಂದ ಆ ತವರಿಗೆ ಬಸ್ಸಿನಲ್ಲೇ ಹೋಗಬಹುದು.

ಬಸ್ಸು ನಗರದ ಅಂಚು ದಾಟಿ ಉತ್ತರಕ್ಕೆ ಹೊರಳಿತು. ಮೊದಲು ಮನೆಗಳು, ಆಮೇಲೆ ದ್ರಾಕ್ಷಿ ತೋಟಗಳು, ಆಮೇಲೆ ಪೈನ್ ಮರಗಳು, ಕೊನೆಗೆ ಬರೀ ಬಿಳಿ ಸುಣ್ಣಕಲ್ಲು. ಬಲಗಡೆ ಪಿಕ್ ಸ್ಯಾಂ ಲೂ ಶಿಖರ ಎದ್ದು ನಿಂತಿತು. ಎತ್ತರ 658 ಮೀಟರ್ ಮಾತ್ರ. ಆದರೆ ಸುತ್ತಲ ನೆಲ ತಗ್ಗಾಗಿರುವುದರಿಂದ ಬಸ್ಸು ಎತ್ತ ತಿರುಗಿದರೂ ಅದು ಕಣ್ಣಿನಿಂದ ಮರೆಯಾಗುವುದಿಲ್ಲ. ಇಲ್ಲಿಯವರು ಈ ಕುರುಚಲು ಸೀಮೆಯನ್ನು ಗಾರಿಗ್ ಎನ್ನುತ್ತಾರೆ. ಒಂದಾನೊಂದು ಕಾಲದಲ್ಲಿ ಓಕ್ ಮರಗಳ ಕಾಡಿದ್ದ ಕಡೆ ಸಾವಿರಾರು ವರ್ಷ ಕುರಿ ಮೇದು, ಸೌದೆ ಕಡಿದು, ಬೆಂಕಿ ಬಿದ್ದು ಉಳಿದದ್ದು ಈ ಮೊಣಕಾಲೆತ್ತರದ ಮುಳ್ಳು, ಪೊದೆ, ಕಲ್ಲು. ನಮ್ಮ ಮಲೆನಾಡಿನ ಕಣ್ಣಿಗೆ ಅದು ಬಡ ನೆಲ. ಹಾಗೆಂದುಕೊಂಡೇ ನಾನು ಸ್ಯಾಂ ಮಾರ್ತಾಂ ದ ಲೋಂದ್ರ್ ಎಂಬ ಹಳ್ಳಿಯಲ್ಲಿ ಇಳಿದೆ. ಮೊಂಪೆಲಿಯೆಯಿಂದ ಸುಮಾರು 25 ಕಿಲೋಮೀಟರ್. ಹಳೆಯ ಕಲ್ಲಿನ ಇಗರ್ಜಿ, ಅದರ ಸುತ್ತ ಒತ್ತೊತ್ತಾಗಿ ಕಲ್ಲಿನ ಮನೆಗಳು, ಊರಿನ ಸುತ್ತ ಸಮತಟ್ಟಾದ ತಗ್ಗು ಬಯಲು, ಬಯಲಿನ ಸುತ್ತ ಗುಡ್ಡಗಳ ಏಣು.

ಊರಿನಿಂದ ಹೊರಬಿದ್ದು ಮೊದಲ ಗುಡ್ಡದ ದಾರಿ ಹಿಡಿದಾಗ ಗಾಳಿ ಬೀಸುತ್ತಿತ್ತು. ಪರಿಮಳ ಮಾತ್ರ ಬಂದದ್ದು ಗಾಳಿಯಿಂದಲ್ಲ, ಕಾಲಿನ ಕೆಳಗಿನಿಂದ. ಬಗ್ಗಿ ನೋಡಿದರೆ ನನ್ನ ಬೂಟು ಮೆಟ್ಟಿದ್ದದ್ದು ಥೈಮನ್ನೇ! ಕಲ್ಲುಗಳ ಸಂದಿನಿಂದ ಒಂದು ಗೇಣು ಎದ್ದ ಬೂದು-ಹಸಿರು ಪೊದೆ. ಬುಡ ಕಟ್ಟಿಗೆಯಂತೆ ಗಟ್ಟಿ, ತುದಿ ಎಳೆಯದು, ತುದಿಯ ತುಂಬ ನಸುಗೆಂಪು ಹೂ. ಅಲ್ಲಿಂದ ತಲೆ ಎತ್ತಿದರೆ ಇಡೀ ಇಳಿಜಾರೇ ಅದು. ಸಾವಿರ, ಹತ್ತು ಸಾವಿರ, ಲೆಕ್ಕವಿಲ್ಲದಷ್ಟು. ಬಡ ನೆಲ ಅಂದುಕೊಂಡಿದ್ದೆನಲ್ಲ, ಅದರಷ್ಟು ಪರಿಮಳ ತುಂಬಿದ ನೆಲದ ಮೇಲೆ ನಾನು ಎಂದೂ ಕಾಲಿಟ್ಟಿರಲಿಲ್ಲ.

ಥೈಮ್ ನಮ್ಮ ತುಳಸಿಯ ಕುಲದ್ದೇ. ಎಲೆಗಳು ಎದುರುಬದುರಾಗಿ ಕೂತಿರುತ್ತವೆ, ಒಂದೊಂದೂ ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಜೇಬಿನಲ್ಲಿದ್ದ ಮಸೂರ ತೆಗೆದು ಮಂಡಿಯೂರಿ ನೋಡಿದೆ. ಎಲೆಯ ಅಂಚು ಒಳಕ್ಕೆ ಸುರುಳಿಗೊಂಡಿದೆ, ಅಡಿಯಲ್ಲಿ ನವಿರು ರೋಮ. ಒಳಗಿನ ನೀರು ಬಿಸಿಲಿಗೆ ಹಾರಿಹೋಗದಂತೆ ಗಿಡ ಮಾಡಿಕೊಂಡ ಏರ್ಪಾಡು ಅದು. ಎಲೆಯ ಮೈಮೇಲೆ ಹೊಳೆಯುವ ಸಣ್ಣ ಸಣ್ಣ ಗುಳ್ಳೆಗಳಿವೆ. ಅವು ಎಣ್ಣೆಯ ಗ್ರಂಥಿಗಳು. ಬೆರಳು ತಾಗಿದರೆ, ಕುರಿಯ ಗೊರಸು ತಾಗಿದರೆ ಒಡೆಯುತ್ತವೆ. ಒಣಗಿದ ಎಲೆಯ ತೂಕದಲ್ಲಿ ಈ ಎಣ್ಣೆ ನೂರಕ್ಕೆ ಒಂದೆರಡು ಪಾಲು, ಅಷ್ಟೇ. ಆ ಒಂದೆರಡು ಪಾಲು ಒಂದು ಬೆಟ್ಟವನ್ನೆಲ್ಲ ತುಂಬಿಕೊಂಡಿತ್ತು.

ನಾನು ಇಳಿದುಕೊಂಡಿದ್ದ ಮನೆಯ ಒಡತಿ ವಯಸ್ಸಾದ ಹೆಂಗಸು. ಮೊದಲು ಶಾಲೆಯಲ್ಲಿ ಪಾಠ ಹೇಳಿದವರು, ಈಗ ತೋಟದಲ್ಲೇ ಇರುವವರು. ಅವರು ಥೈಮನ್ನು ಫ್ರೆಂಚಿನ ಮಾತಿನಲ್ಲಿ ಕರೆಯದೆ ತಮ್ಮ ಹಳ್ಳಿಯ ಮಾತಿನಲ್ಲಿ ಫ್ರಿಗೂಲ ಎಂದೇ ಕರೆಯುತ್ತಿದ್ದರು. ಗುಡ್ಡದ ತುಂಬ ಅಷ್ಟೊಂದು ಬೆಳೆದಿರುವಾಗ ಮನೆಯ ಅಂಗಳದಲ್ಲಿ ಯಾಕೆ ಎಂದು ಕೇಳಿದೆ. ಗುಡ್ಡದ್ದು ಗುಡ್ಡಕ್ಕೆ, ಅಡುಗೆಗೆ ಬೇಕಾದ್ದು ಬಾಗಿಲ ಪಕ್ಕಕ್ಕೆ ಎಂದರು. ಕೆಲವರು ಗುಡ್ಡಕ್ಕೆ ಹೋಗಿ ಕೈಯಿಂದ ಎಳೆಯುತ್ತಾರೆ, ಬೇರು ಸಮೇತ ಕಿತ್ತು ಬರುತ್ತದೆ, ಅಲ್ಲಿ ಮತ್ತೆ ಗಿಡವಿಲ್ಲ. ಅದನ್ನು ಹೇಳುವಾಗ ಅವರ ದನಿ ಗಡುಸಾಯಿತು. ಕತ್ತರಿ ಇಲ್ಲದೆ ಅವರು ಗುಡ್ಡ ಹತ್ತುವುದಿಲ್ಲ.

ಅವರ ಅಂಗಳ ನೋಡಿದಾಗ ನನಗೆ ಮೊಂಪೆಲಿಯೆಯ ದಿಬ್ಬ ಕಣ್ಣ ಮುಂದೆ ಬಂತು. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು. ಒಳಗೆ ತುಂಬಿದ್ದು ಗೊಬ್ಬರದ ಕಪ್ಪು ಮಣ್ಣಲ್ಲ, ಸುಣ್ಣಕಲ್ಲಿನ ಚೂರು, ದಪ್ಪ ಮರಳು, ಅದರ ಜೊತೆ ಒಂದಿಷ್ಟು ಮಣ್ಣು. ಗಿಡಗಳ ಬುಡದ ಸುತ್ತ ಹೊದಿಕೆಯಾಗಿ ಹಾಸಿದ್ದೂ ಜಲ್ಲಿಕಲ್ಲೇ. ಒಣ ಎಲೆ, ತೊಗಟೆ ಇವುಗಳ ಹೊದಿಕೆ ತೇವ ಹಿಡಿದಿಟ್ಟುಕೊಂಡು ಬುಡ ಕೊಳೆಸುತ್ತದೆ. ಜಲ್ಲಿ ಹಗಲಿನ ಕಾವನ್ನು ಇರುಳಿಗೆ ಉಳಿಸಿಕೊಳ್ಳುತ್ತದೆ, ಮಳೆ ಬಿದ್ದರೆ ಬುಡವನ್ನು ಬೇಗ ಒಣಗಿಸುತ್ತದೆ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು, ಗಿಡದಿಂದ ಗಿಡಕ್ಕೆ ಒಂದಡಿ ಜಾಗ, ಹುಳಿಯಲ್ಲದ ಮಣ್ಣು. ಬೇರು ಹಿಡಿಯುವವರೆಗೆ ನೀರು, ಆಮೇಲೆ ಬೇಸಗೆಯ ಬರದಲ್ಲಿ ಎಂದಾದರೊಮ್ಮೆ. ಗೊಬ್ಬರ ಹಾಕಿದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಅವರು ಕಟ್ಟೆಯ ಆಚೆ ಟೊಮೇಟೊ ಪಾತಿಯ ಅಂಚಿನಲ್ಲಿ ತಾನಾಗಿ ಹುಟ್ಟಿದ್ದ ಒಂದು ಥೈಮ್ ತೋರಿಸಿದರು. ಉದ್ದುದ್ದ ಬೆಳೆದಿತ್ತು, ಹಸಿರಾಗಿತ್ತು, ಕಾಂಡ ತಾನೇ ನಿಲ್ಲಲಾರದೆ ವಾಲಿತ್ತು. ಎಲೆ ಹಿಸುಕಿದೆ. ವಾಸನೆ ಇತ್ತು, ಆದರೆ ಕಟ್ಟೆಯ ಗಿಡದ ಮುಂದೆ ಅದು ಏನೂ ಅಲ್ಲ.

ಸಸಿ ಮಾಡುವ ವಿಷಯಕ್ಕೆ ಬಂದಾಗ ಅವರು ಒಂದು ಕಾಗದದ ಪೊಟ್ಟಣ ಬಿಚ್ಚಿ ನನ್ನ ಅಂಗೈಗೆ ಬೀಜ ಸುರಿದರು. ರಾಗಿ ಕಾಳು ಅದರ ಮುಂದೆ ದೈತ್ಯ. ಒಂದು ಗ್ರಾಮಿಗೆ ಸುಮಾರು 6000 ಬೀಜ! ಇವನ್ನು ಮಣ್ಣಿನಲ್ಲಿ ಹೂಳಬಾರದು. ಮೊಳೆಯಲು ಬೆಳಕು ಬೇಕು, ತೇವದ ಮಣ್ಣಿನ ಮೇಲೆ ಉದುರಿಸಿ ಬೆರಳಿನಿಂದ ಒತ್ತಿದರೆ ಸಾಕು. 15ರಿಂದ 20 ಡಿಗ್ರಿ ಹವೆಯಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತದೆ. ಆದರೆ ಅವರಿಗೆ ಬೀಜಕ್ಕಿಂತ ಕಡ್ಡಿಯ ಮೇಲೇ ಹೆಚ್ಚು ನಂಬಿಕೆ. ಹೂಬಿಡದ ಎಳೆ ತುದಿಯನ್ನು ಒಂದು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆ ಸವರಿ, ಮರಳಿನಲ್ಲಿ ಚುಚ್ಚುವುದು. ಅದಕ್ಕಿಂತಲೂ ಸುಲಭದ ದಾರಿ, ಬುಡದ ಒಂದು ರೆಂಬೆಯನ್ನು ಬಗ್ಗಿಸಿ ನೆಲಕ್ಕೆ ತಾಗಿಸಿ ಅದರ ಮೇಲೆ ಒಂದು ಕಲ್ಲು ಹೇರುವುದು. ತಾಗಿದ ಕಡೆ ಬೇರು ಬಿಡುತ್ತದೆ, ಆಮೇಲೆ ತಾಯಿಯಿಂದ ಬೇರ್ಪಡಿಸಿದರಾಯಿತು. ಕಡ್ಡಿಯೇ ಯಾಕೆ, ಬೀಜ ಯಾಕಲ್ಲ ಎಂದು ನಾನು ಕೇಳಿದ್ದೇ ತಡ, ಅವರ ಮುಖ ಬೆಳಗಿತು. ನನ್ನನ್ನು ಕಟ್ಟೆಯ ಇನ್ನೊಂದು ತುದಿಗೆ ಕರೆದೊಯ್ದರು.

ಅಲ್ಲಿ ಆರು ಗಿಡಗಳು ಒಂದೇ ಸಾಲಿನಲ್ಲಿದ್ದವು. ಆರೂ ಥೈಮ್, ಆರೂ ಒಂದೇ ಜಾತಿ. ಕಾರ್ಲ್ ಲಿನೇಯಸ್ 1753ರಲ್ಲಿ ಥೈಮಸ್ ವಲ್ಗಾರಿಸ್ ಎಂದು ಹೆಸರಿಟ್ಟನಲ್ಲ, ಅದೇ. ಎಲೆ ಒಂದೇ, ಹೂ ಒಂದೇ, ಎತ್ತರ ಒಂದೇ. ಕಣ್ಣಿನಿಂದ ಒಂದನ್ನು ಇನ್ನೊಂದರಿಂದ ಬೇರೆ ಎನ್ನಲು ನನಗಂತೂ ಆಗಲಿಲ್ಲ. ಒಂದೊಂದರದ್ದೂ ಒಂದು ಎಲೆ ತಿಕ್ಕಿ ಮೂಸಿ ನೋಡು ಎಂದರು.

ಮೊದಲನೆಯದು ಓಮ. ಏನೂ ಅನುಮಾನವಿಲ್ಲ, ಮಗುವಿನ ಹೊಟ್ಟೆನೋವಿಗೆ ಅಜ್ಜಿಯರು ಕುದಿಸುವ ಓಮದ ನೀರಿನ ವಾಸನೆ. ಎರಡನೆಯದನ್ನು ಮೂಸಿದರೆ ಹಿತ್ತಲಿನ ದೊಡ್ಡಪತ್ರೆ. ತಂಬುಳಿಗೆ ಎಲೆ ಹುರಿಯುವಾಗ ಒಲೆಯ ಸುತ್ತ ಏಳುವ ಅದೇ ಘಾಟು. ಮೂರನೆಯದರಲ್ಲಿ ಘಾಟೇ ಇರಲಿಲ್ಲ! ಮೆದುವಾದ, ತುಸು ಸಿಹಿಯಾದ ಪರಿಮಳ. ಧನಿಯಾ ಹುರಿಯುವ ಮುನ್ನ ಕೈಯಲ್ಲಿ ತಿಕ್ಕಿದರೆ ಬರುತ್ತದಲ್ಲ, ಆ ಬಗೆ. ನಾಲ್ಕನೆಯದಕ್ಕೆ ನನ್ನ ಬಳಿ ಹೋಲಿಕೆಯೇ ಸಿಗಲಿಲ್ಲ, ಹಸಿರು ಸೊಪ್ಪಿನ ತಂಪು ವಾಸನೆ. ಐದನೆಯದು ಹೂವಿನಂತೆ ನವಿರು. ಆರನೆಯ ಎಲೆಯನ್ನು ಮೂಗಿಗೆ ಹಿಡಿದಾಗ ನಾನು ಸುತ್ತ ಕಣ್ಣಾಡಿಸಿದೆ. ಹತ್ತಿರದಲ್ಲೆಲ್ಲೋ ಗುಲಾಬಿ ಅರಳಿರಬೇಕು ಅನ್ನಿಸಿತು. ಅರಳಿರಲಿಲ್ಲ. ಗುಲಾಬಿ ಇದ್ದದ್ದು ಆ ಎಲೆಯಲ್ಲೇ.

ನನ್ನ ಮೂಗು ನನಗೆ ಸುಳ್ಳು ಹೇಳಿರಲಿಲ್ಲ. ಮೊದಲ ಗಿಡದ ಎಣ್ಣೆಯಲ್ಲಿ ಮುಖ್ಯವಾದದ್ದು ಥೈಮೋಲ್, ಓಮದ ಕಾಳಿಗೆ ಕಟುವಾಸನೆ ಕೊಡುವ ವಸ್ತುವೂ ಅದೇ. ಒಂದು ಕಾಲದಲ್ಲಿ, ಮೊದಲ ಮಹಾಯುದ್ಧಕ್ಕೆ ಮುಂಚೆ, ಥೈಮೋಲ್ ತೆಗೆಯಲೆಂದೇ ಭಾರತದ ಓಮ ಹಡಗಿನಲ್ಲಿ ಜರ್ಮನಿಗೆ ಹೋಗುತ್ತಿತ್ತು. ಎರಡನೆಯದು ಕಾರ್ವಕ್ರೋಲ್, ದೊಡ್ಡಪತ್ರೆಯಲ್ಲೂ ಅದು ಧಾರಾಳವಾಗಿದೆ. ಮೂರನೆಯದು ಲಿನಲೂಲ್, ಧನಿಯಾ ಎಣ್ಣೆಯ ಬಹುಪಾಲು ಅದೇ. ನಾಲ್ಕು ಥುಯನೋಲ್, ಐದು ಟರ್ಪಿನಿಯೋಲ್. ಆರನೆಯದು ಜೆರಾನಿಯೋಲ್, ಗುಲಾಬಿಯ ಅತ್ತರಿನಲ್ಲಿರುವಂಥದ್ದು. ತುಳಸಿ ಕುಲದ ಒಂದು ಸಣ್ಣ ಪೊದೆಯೊಳಗೆ ನಮ್ಮ ಅಡುಗೆಮನೆಯ ಡಬ್ಬಿಗಳೂ ಹಿತ್ತಲೂ ಹೂದೋಟವೂ ಒಟ್ಟಿಗೆ ಇರುವುದನ್ನು ಕಂಡು ನಾನು ಬಹಳ ಹೊತ್ತು ಆ ಸಾಲು ಬಿಟ್ಟು ಏಳಲಿಲ್ಲ. ಮತ್ತೆ ಮೊದಲಿನಿಂದ ಮೂಸಿದೆ, ಹಿಂದಿನಿಂದ ಮುಂದಕ್ಕೆ ಮೂಸಿದೆ. ಅವರು ನಗುತ್ತ ಕಾದು ನಿಂತರು.

ಯಾವ ಗಿಡ ಯಾವ ಪರಿಮಳ ಮಾಡುತ್ತದೆ ಎಂಬುದು ವಂಶದಲ್ಲಿ ಬರೆದಿದೆ. ವಿಜ್ಞಾನಿಗಳು ಇದೇ ಸೀಮೆಯ ಗಿಡಗಳನ್ನು ಒಂದರೊಡನೊಂದು ಕೂಡಿಸಿ ಅದರ ಏರಿಳಿತವನ್ನೂ ಗುರುತಿಸಿದ್ದಾರೆ. ಜೆರಾನಿಯೋಲಿನ ಗುಣ ಎಲ್ಲದರ ಮೇಲೆ ನಿಲ್ಲುತ್ತದೆ, ಆಮೇಲೆ ಟರ್ಪಿನಿಯೋಲ್, ಥುಯನೋಲ್, ಲಿನಲೂಲ್, ಕಾರ್ವಕ್ರೋಲ್. ಥೈಮೋಲ್ ಎಲ್ಲಕ್ಕಿಂತ ಕೆಳಗೆ, ಮೇಲಿನ ಯಾವ ಗುಣವೂ ಇಲ್ಲದಿದ್ದಾಗ ಮಾತ್ರ ತಲೆ ಎತ್ತುವಂಥದ್ದು. ಹಾಗಾಗಿ ಗುಲಾಬಿ ಪರಿಮಳದ ಗಿಡದ ಬೀಜ ಬಿತ್ತಿದರೆ ಮಕ್ಕಳಲ್ಲಿ ಕೆಲವು ಗುಲಾಬಿ, ಕೆಲವು ಬೇರೆ ಏನೋ ಆಗಬಹುದು. ಕಡ್ಡಿ ನೆಟ್ಟರೆ ತಾಯಿಯೇ ಮತ್ತೆ ಬರುತ್ತಾಳೆ. ಕಡ್ಡಿಯ ಮೇಲೆ ಒಡತಿಗೆ ಇದ್ದ ನಂಬಿಕೆಯ ಗುಟ್ಟು ಇದು. ಮನೆಯ ಕೈತೋಟಕ್ಕೂ ಇದು ಉಪಯೋಗದ ಮಾತು. ನರ್ಸರಿಯಲ್ಲಿ ಚೀಟಿ ಓದಿ ಥೈಮ್ ಕೊಳ್ಳುವುದಕ್ಕಿಂತ ಎಲೆ ತಿಕ್ಕಿ ಮೂಸಿ ಕೊಳ್ಳುವುದು ಮೇಲು.

ಮರುದಿನ ಬೆಳಗ್ಗೆ ಅವರೇ ನನ್ನನ್ನು ನಡೆಸಿಕೊಂಡು ಹೊರಟರು. ಬಯಲಿನಲ್ಲಿ ಊರಿನ ಹತ್ತಿರ ಮೂಸಿದ ಗಿಡಗಳಲ್ಲಿ ಹೆಚ್ಚಿನವು ಮೆದು ಪರಿಮಳದವು. ಗುಡ್ಡದ ಏಣು ಹತ್ತಿ, ಮಣ್ಣು ತೆಳುವಾಗಿ ಕಲ್ಲು ಮೇಲೆದ್ದ ಕಡೆ ಮೂಸಿದರೆ ಓಮ ಮತ್ತು ದೊಡ್ಡಪತ್ರೆಯ ಘಾಟು ಹೆಚ್ಚು. ಅರ್ಧ ಗಂಟೆಯ ನಡಿಗೆಯೊಳಗೆ ಪರಿಮಳದ ಗಡಿ ದಾಟಿದ್ದೆವು! ನೆಲದ ಮೇಲೆ ಗೆರೆಯಿಲ್ಲ, ಬೇಲಿಯಿಲ್ಲ, ಗಿಡ ನೋಡಿದರೆ ಅದೇ ಗಿಡ.

ಈ ಗಡಿಯನ್ನು ಎಳೆದದ್ದು ಚಳಿ. ಸ್ಯಾಂ ಮಾರ್ತಾಂ ಸುತ್ತಲಿನ ಬಯಲು ಗುಡ್ಡಗಳ ನಡುವಿನ ತಗ್ಗು. ಚಳಿಗಾಲದ ಇರುಳಿನಲ್ಲಿ ಭಾರದ ತಣ್ಣನೆ ಗಾಳಿ ಇಳಿಜಾರುಗಳಿಂದ ಜಾರಿ ಬಂದು ತಳದಲ್ಲಿ ನಿಲ್ಲುತ್ತದೆ. ಮೇಲೆ ಗುಡ್ಡದ ಮೇಲೆ ಬೆಚ್ಚಗಿದ್ದರೂ ಕೆಳಗೆ ಹೆಪ್ಪುಗಟ್ಟುವ ಚಳಿ. ಥೈಮೋಲ್, ಕಾರ್ವಕ್ರೋಲ್ ಮಾಡುವ ಗಿಡಗಳು ಬರಗಾಲದ ಬಿಸಿಲನ್ನು ಚೆನ್ನಾಗಿ ತಡೆಯುತ್ತವೆ, ಕಡುಚಳಿಗೆ ಮಾತ್ರ ಸೋಲುತ್ತವೆ. ಮೆದು ಪರಿಮಳದವು ಚಳಿ ತಡೆಯುತ್ತವೆ. ಕಲ್ಲು ಕಾಯುವ ಬೇಸಗೆ ಅವಕ್ಕೆ ಅಷ್ಟು ಹಿತವಲ್ಲ. ವರ್ಷ ವರ್ಷವೂ ಚಳಿ ತಗ್ಗಿನ ಗಿಡಗಳನ್ನು ಆರಿಸುತ್ತ ಬಂತು, ಬೇಸಗೆ ಗುಡ್ಡದವನ್ನು ಆರಿಸುತ್ತ ಬಂತು. ಜೊತೆಗೆ ಬಸವನಹುಳು, ಗೊಂಡೆಹುಳು, ಕುರಿ, ಆಡು ಇವಕ್ಕೆಲ್ಲ ಒಂದೊಂದು ಪರಿಮಳದ ಮೇಲೆ ಒಂದೊಂದು ಬಗೆಯ ಪ್ರೀತಿ, ದ್ವೇಷ. ಒಬ್ಬರಿಂದ ಕಾಪಾಡುವ ಎಣ್ಣೆ ಇನ್ನೊಬ್ಬರಿಂದ ಕಾಪಾಡುವುದಿಲ್ಲ. ಆರೂ ಬಗೆಗಳು ಒಂದೇ ಸೀಮೆಯಲ್ಲಿ ಉಳಿದುಕೊಂಡಿರುವುದಕ್ಕೆ ಹೀಗೆ ಹಲವು ಕೈಗಳು ಸೇರಿವೆ.

ಆದರೆ ಚಳಿಯೇ ಬದಲಾಗುತ್ತಿದೆ. 1956ರ ಫೆಬ್ರವರಿಯಲ್ಲಿ ದಕ್ಷಿಣ ಫ್ರಾನ್ಸಿನ ಉದ್ದಗಲಕ್ಕೂ ಆಲಿವ್ ಮರಗಳನ್ನು ಸಾಯಿಸಿದ ಹಿಮದ ಗಾಳಿಯ ನೆನಪು ಇಲ್ಲಿಯ ಹಿರಿಯರಿಗೆ ಇನ್ನೂ ಇದೆ. ಅಂಥ ಚಳಿ ಈಗ ಬರುತ್ತಿಲ್ಲ. 1970ರ ದಶಕದಲ್ಲಿ ಸಂಶೋಧಕರು ಈ ಬಯಲಿನ ಥೈಮ್ ಪೊದೆಗಳ ಎಣ್ಣೆಯನ್ನು ಪರೀಕ್ಷಿಸಿ ಎಲ್ಲೆಲ್ಲಿ ಯಾವುದಿದೆ ಎಂದು ಬರೆದಿಟ್ಟಿದ್ದರು. ಜಾನ್ ಥಾಂಪ್ಸನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅದೇ ಜಾಗಗಳಿಗೆ ಮತ್ತೆ ಹೋಗಿ ಅದೇ ಪರೀಕ್ಷೆ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು ಮೆದು ಪರಿಮಳ ಮಾತ್ರ ಇದ್ದ ಕಡೆಗಳಿಗೆ ಘಾಟಿನ ಗಿಡಗಳು ಇಳಿದುಬಂದಿದ್ದವು. ಕೇವಲ ಕೆಲವು ದಶಕಗಳಲ್ಲಿ! ಭೂಮಿ ಬಿಸಿಯಾಗುತ್ತಿರುವುದನ್ನು ನಾವು ಹಿಮನದಿ ಕರಗುವುದರಲ್ಲಿ, ಸಮುದ್ರ ಏರುವುದರಲ್ಲಿ ಕೇಳಿದ್ದೇವೆ. ಅದನ್ನು ಬಗ್ಗಿ ಮೂಸಿ ತಿಳಿಯಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಒಡತಿ ಒಂದು ಪೊದೆಯ ಬಳಿ ನಿಂತು, ತಮ್ಮ ಬಾಲ್ಯದಲ್ಲಿ ಈ ಹೊಲದ ಅಂಚಿನ ಫ್ರಿಗೂಲ ಸಿಹಿಯಾಗಿತ್ತು ಎಂದರು. ನಾನು ಎಲೆ ತಿಕ್ಕಿದೆ. ಓಮ.

ಇಳಿಯುವಾಗ ಅವರು ಇನ್ನೊಂದು ಸೋಜಿಗ ತೋರಿಸಿದರು. ಎರಡು ಪೊದೆಗಳ ಹೂಗಳನ್ನು ಮಸೂರದಡಿ ಹಿಡಿದೆವು. ಒಂದರ ಹೂ ಸ್ವಲ್ಪ ದೊಡ್ಡದು, ಪರಾಗ ಹೊತ್ತ ಕೇಸರಗಳು ಹೊರಚಾಚಿವೆ. ಇನ್ನೊಂದರ ಹೂ ಚಿಕ್ಕದು, ಪರಾಗವೇ ಇಲ್ಲ. ಥೈಮಿನಲ್ಲಿ ಕೆಲವು ಗಿಡಗಳು ಗಂಡುಹೆಣ್ಣು ಎರಡೂ ಆಗಿರುತ್ತವೆ, ಕೆಲವು ಬರೀ ಹೆಣ್ಣು. ಬರೀ ಗಂಡು ಇಲ್ಲ. ಈ ಸೀಮೆಯ ಎಷ್ಟೋ ಕಡೆ ಅರ್ಧಕ್ಕಿಂತ ಹೆಚ್ಚು ಗಿಡಗಳು ಹೆಣ್ಣೇ. ಚಾರ್ಲ್ಸ್ ಡಾರ್ವಿನ್ ಇಂಥ ಗಿಡಗಳನ್ನು ಗಮನವಿಟ್ಟು ಬೆಳೆಸಿ, ಹೆಣ್ಣು ಗಿಡಗಳು ಉಳಿದವಕ್ಕಿಂತ ಹೆಚ್ಚು ಬೀಜ ಕಟ್ಟುತ್ತವೆ ಎಂಬುದನ್ನು ಹೂಗಳ ಬಗೆಗಳ ಕುರಿತ ತನ್ನ 1877ರ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಜೇನುನೊಣಗಳು ಎರಡರ ಮೇಲೂ ಕೂರುತ್ತಿದ್ದವು, ಯಾವ ಭೇದವೂ ಇಲ್ಲದೆ. ಇಳಿಜಾರಿನ ಉದ್ದಕ್ಕೂ ಅವುಗಳ ಗುಂಯ್‌ಗುಟ್ಟುವಿಕೆ ತುಂಬಿತ್ತು.

ಊಟದ ವಿಷಯ ಹೆಚ್ಚು ಹೇಳುವುದಿಲ್ಲ. ಬೆಳ್ಳುಳ್ಳಿ ಎಸಳನ್ನು ಥೈಮ್ ಮತ್ತು ಪಲಾವ್ ಎಲೆಯ ಸಂಬಂಧಿಯಾದ ಲಾರೆಲ್ ಎಲೆಯೊಡನೆ ಕುದಿಸಿ, ಬ್ರೆಡ್ಡಿನ ಮೇಲೆ ಸುರಿದು, ಆಲಿವ್ ಎಣ್ಣೆ ಬಿಟ್ಟು ಕೊಟ್ಟರು. ನೆಗಡಿಯಾದವರಿಗೆ ಈ ಕಡೆ ಥೈಮ್ ಕಷಾಯವೇ ಮನೆಮದ್ದು. ಒಣಗಿಸುವುದಾದರೆ ಹೂ ಬಿಡುವ ಹೊತ್ತಿಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ ಕೊಯ್ದು ನೆರಳಿನಲ್ಲಿ ತಲೆಕೆಳಗಾಗಿ ನೇತುಹಾಕಬೇಕು. ಕೊಯ್ಯುವುದಕ್ಕೂ ಗಿಡ ಸವರುವುದಕ್ಕೂ ಬೇರೆ ಬೇರೆ ನಿಯಮ. ಹೂ ಮುಗಿದ ಕೂಡಲೇ ಮೂರರಲ್ಲಿ ಒಂದು ಪಾಲು ಸವರಬೇಕು, ಆದರೆ ಎಲೆಯಿರುವ ಎಳೆ ಭಾಗದಲ್ಲೇ. ಎಲೆಯಿಲ್ಲದ ಹಳೆ ಕಟ್ಟಿಗೆಗೆ ಕತ್ತರಿ ಹಾಕಿದರೆ ಅಲ್ಲಿಂದ ಹೊಸ ಚಿಗುರು ಬರುವುದು ಅಪರೂಪ. ಸವರದೆ ಬಿಟ್ಟರೆ ನಡು ಬರಿದಾಗಿ ಗಿಡ ಹೋಳಾಗುತ್ತದೆ. ಹೇಗೆ ನೋಡಿಕೊಂಡರೂ ಕೈತೋಟದ ಥೈಮ್ ನಾಲ್ಕೈದು ವರ್ಷಕ್ಕೆ ಮುದಿಯಾಗುತ್ತದೆ. ಆದ್ದರಿಂದ ಪ್ರತಿ ವರ್ಷ ಒಂದೆರಡು ಕಡ್ಡಿ ಚುಚ್ಚಿಡುವುದು ಆ ಮನೆಯ ರೂಢಿ.

ಬೆಂಗಳೂರಿಗೆ ಮರಳಿದ ಮೇಲೆ ಈ ಗಿಡವನ್ನು ನಮ್ಮ ತಾರಸಿಯಲ್ಲಿ ನೋಡುವ ನನ್ನ ಕಣ್ಣೇ ಬೇರೆಯಾಯಿತು. ಸ್ಯಾಂ ಮಾರ್ತಾಂನಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಆರಿಸುವುದು ಚಳಿ ಮತ್ತು ಬರ. ಹೆಪ್ಪುಗಟ್ಟುವ ಚಳಿ ನಮ್ಮಲ್ಲಿ ಇಲ್ಲವೇ ಇಲ್ಲ, ಆರೂ ಬಗೆಗಳೂ ನಮ್ಮ ಚಳಿಗಾಲವನ್ನು ನೆಮ್ಮದಿಯಾಗಿ ಕಳೆಯಬಲ್ಲವು. ಇಲ್ಲಿ ಆರಿಸುವುದು ಮಳೆ. ಅವರ ನಾಡಿನಲ್ಲಿ ಬೇಸಗೆ ಎಂದರೆ ಒಣ ಕಾಲ, ಮಳೆ ಬೀಳುವುದು ಬಹುಮಟ್ಟಿಗೆ ಶರತ್ಕಾಲದಲ್ಲಿ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಚ್ಚನೆಯ ಹವೆ ಮತ್ತು ತೇವ ಒಟ್ಟಿಗೆ ಇರುತ್ತವೆ. ಬೇರು ಕೊಳೆಸುವ ಶಿಲೀಂಧ್ರಗಳಿಗೆ ಬೇಕಾದದ್ದೂ ಅದೇ. ನೀಲಗಿರಿಯ ಎತ್ತರದಲ್ಲಿ ಥೈಮ್ ಬೆಳೆಯುತ್ತಾರೆ, ಅಲ್ಲಿಯ ತಂಪು ಮತ್ತು ಇಳಿಜಾರು ಅದಕ್ಕೆ ಒಗ್ಗುತ್ತದೆ. ಬಯಲಿನ ನಾವು ಇಳಿಜಾರನ್ನು ಕುಂಡದೊಳಗೇ ಮಾಡಿಕೊಳ್ಳಬೇಕು.

ನಾನೀಗ ಮಾಡುತ್ತಿರುವುದು ಇಷ್ಟು. ಪ್ಲಾಸ್ಟಿಕ್ ಬಿಟ್ಟು ಮಣ್ಣಿನ ಕುಂಡ, ಅದರ ಗೋಡೆ ಉಸಿರಾಡುತ್ತದೆ. ಅರ್ಧದಷ್ಟು ದಪ್ಪ ಮರಳು ಮತ್ತು ಸಣ್ಣ ಜಲ್ಲಿ, ಉಳಿದದ್ದು ಸಾದಾ ಮಣ್ಣು. ನಮ್ಮ ಕೆಂಪು ಮಣ್ಣು ಹುಳಿ ಕಡೆಗೆ ವಾಲುವುದರಿಂದ ಒಂದು ಚಿಟಿಕೆ ಸುಣ್ಣದ ಪುಡಿ. ಕುಂಡದ ಕೆಳಗೆ ನೀರು ನಿಲ್ಲುವ ತಟ್ಟೆ ಇಡುವುದಿಲ್ಲ, ಎರಡು ಇಟ್ಟಿಗೆಯ ಮೇಲೆ ಎತ್ತಿ ಇಡುತ್ತೇನೆ. ಬಿತ್ತನೆ ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್‌ನಲ್ಲಿ. ಮೊಳಕೆಗೆ ಬೇಕಾದ ತಂಪು ಆಗ ತಾನಾಗಿ ಇರುತ್ತದೆ. ಮುಂಗಾರು ಹತ್ತುವ ಮುನ್ನ ಪೊದೆಯನ್ನು ಸವರಿ ಒಳಗೆ ಗಾಳಿ ಆಡುವಂತೆ ಮಾಡಿ ಸೂರಿನ ಕೆಳಗೆ, ಬಿಸಿಲು ತಾಗುವ ಕಡೆ ಸರಿಸುತ್ತೇನೆ. ಎರಡು ಅಂಗುಲ ಆಳದವರೆಗೂ ಮಣ್ಣು ಒಣಗಿದೆ ಎಂದು ಬೆರಳಿಗೆ ಗೊತ್ತಾದ ಮೇಲೆಯೇ ನೀರು.

ಇಲ್ಲಿ ಪೊಟ್ಟಣದಲ್ಲಿ ಸಿಗುವ ಬೀಜದಿಂದ ನನಗೆ ಹುಟ್ಟಿದ್ದೆಲ್ಲ ಓಮದ ಘಾಟಿನವೇ. ಅಡುಗೆಗೆ ಅದು ಚೆನ್ನ, ಸಾರಿನ ಒಗ್ಗರಣೆಗೂ ಹಾಕಿ ನೋಡಿದ್ದೇನೆ, ಬಹಳ ಹೊಂದುತ್ತದೆ. ಆದರೆ ಆ ಆರನೆಯ ಎಲೆ ನನ್ನನ್ನು ಬಿಟ್ಟಿಲ್ಲ. ಪರವಾನಗಿಯಿಲ್ಲದೆ ಗಡಿ ದಾಟಿಸಿ ಕಡ್ಡಿ ತರುವಂತಿಲ್ಲ, ತರಲೂಬಾರದು. ಹಾಗಾಗಿ ಈಗ ಯಾವ ನರ್ಸರಿಗೆ ಹೋದರೂ ಥೈಮ್ ಸಾಲಿನ ಮುಂದೆ ಕೂತು ಒಂದೊಂದೇ ಕುಂಡದ ಒಂದೊಂದು ಎಲೆ ತಿಕ್ಕಿ ಮೂಸುತ್ತೇನೆ. ಊಟಿಯ ದಾರಿಯಲ್ಲಿ, ಮೈಸೂರಿನಲ್ಲಿ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಸಸಿ ಮಾರುವ ಸಾಲಿನಲ್ಲಿ ಹೀಗೆ ಕೂತಿದ್ದೇನೆ. ನಿಂಬೆ ಪರಿಮಳದ ಥೈಮ್ ಸಿಕ್ಕಿದೆ, ಅದು ಬೇರೆಯದೇ ಜಾತಿ. ಗುಲಾಬಿಯದು ಇನ್ನೂ ಸಿಕ್ಕಿಲ್ಲ. ನಿಮ್ಮ ಊರಿನಲ್ಲಿ ಯಾರ ಹಿತ್ತಲಿನಲ್ಲಾದರೂ ಥೈಮ್ ಇದ್ದರೆ ಒಂದು ಎಲೆ ತಿಕ್ಕಿ ನೋಡಿ. ಗುಲಾಬಿಯ ಪರಿಮಳ ಬಂದರೆ ಬೀಜಕ್ಕೆ ಕಾಯದೆ, ಹೂ ಬಿಡದ ತುದಿಯಿಂದ ಬೆರಳುದ್ದದ ಕಡ್ಡಿ ತೆಗೆದು ಅಂದೇ ಮರಳಿಗೆ ಚುಚ್ಚಿ.